ನೀರಿಲ್ಲದ ಫಿಶ್ ಟ್ಯಾಂಕಿನಲ್ಲಿ ಒಂದು ಹಗಲು

ಕಳೆದ ವರ್ಷದ ಜೂನ್. ಅರಂತೋಡಿನ ಈ ಮನೆಯಲ್ಲಿ ಗೃಹಿಣಿಯಾಗಿ ನನಗೆ ಇಪ್ಪತ್ತೇಳು ವರ್ಷ ಸರ್ವಿಸ್ ಆಗಿತ್ತು. ವರ್ಗಾವಣೆ, ಬಡ್ತಿ ಒಂದೂ ಇಲ್ಲದ ಉದ್ಯೋಗ. ಆದರೆ ಕೇಸುಗಳು ನಮಗೂ ಬರುತ್ತವೆ. ಅಂದು ಬೆಳಿಗ್ಗೆ ಎಂದಿನಂತೆ ಆರಕ್ಕೆ ಬಚ್ಚಲ ಒಲೆಗೆ ಬೆಂಕಿ ಹಾಕಿ, ನೀರುದೋಸೆಯ ಹಿಟ್ಟಿಗೆ ಉಪ್ಪು ಬೆರೆಸಿಟ್ಟು, ತೊಂಡೆ ಚಪ್ಪರದ ಕೆಳಗೆ ಗುಡಿಸುತ್ತಿದ್ದೆ. ಹಿಡಿಸೂಡಿಗೆ ಒಂದು ಕಲ್ಲು ತಾಗಿತು. ಕಲ್ಲು ಕಾಲು ಆಡಿಸಿತು.

ಲಿಂಬೆಹಣ್ಣಿನಷ್ಟು ದೊಡ್ಡ ಆಮೆ ಮರಿ. ಚಿಪ್ಪು ಇನ್ನೂ ಗಟ್ಟಿಯಾಗಿರಲಿಲ್ಲ. ಅಂಚಿನಲ್ಲಿ ಕಾಗೆ ಕುಕ್ಕಿದ ಗುರುತು.

ಆಮೆ ಎಂದರೆ ನೀರು, ನನಗೆ ಗೊತ್ತಿದ್ದದ್ದು ಅಷ್ಟೇ. ಬಾವಿಯ ನೀರು ಶುದ್ಧವಾಗಿರಲಿ ಎಂದು ಅದಕ್ಕೆ ಆಮೆ ಬಿಡುವ ಕ್ರಮ ನಮ್ಮ ಕಡೆ ಉಂಟು. ಪಕ್ಕದ ಮನೆಯ ನಫೀಸಾಳ ಬಾವಿಯ ಆಮೆ ಬೇಸಗೆಯಲ್ಲಿ ಕಾಣೆಯಾದಾಗ, ಎಲ್ಲಿಯಾದರೂ ಸಿಕ್ಕಿದರೆ ನಿನಗೇ ಎಂದು ನಾನು ಮಾತು ಕೊಟ್ಟಿದ್ದೆ. ಹಾಗಾಗಿ ಬಾಲ್ದಿಗೆ ಅರ್ಧ ನೀರು ತುಂಬಿ, ಮರಿಯನ್ನು ಅದಕ್ಕೆ ಬಿಟ್ಟು, ಬೇಲಿಯ ಬಳಿ ಹೋಗಿ ಅವಳನ್ನು ಕೂಗಿ ಬಂದೆ. ಬಂದು ನೋಡಿದರೆ ಅದು ಈಜುತ್ತಿಲ್ಲ, ಮುಳುಗುತ್ತಿದೆ.

ಎತ್ತಿ ಸೆರಗಿನಲ್ಲಿ ಒರೆಸಿದೆ. ಕಾನ್ವೆಂಟಿನಲ್ಲಿ ನೇಚರ್ ಸ್ಟಡಿ ಕಲಿಸುತ್ತಿದ್ದ ಸಿಸ್ಟರ್, ಎಲೆಯೋ ಹುಳವೋ, ಚಿತ್ರ ಬಿಡಿಸುವ ಮೊದಲು ಐದು ನಿಮಿಷ ಸುಮ್ಮನೆ ನೋಡಿಸುತ್ತಿದ್ದರು. ಆ ಐದು ನಿಮಿಷವನ್ನು ನಾನು ಈಗ ಕೊಟ್ಟೆ. ಬೆರಳುಗಳ ನಡುವೆ ಪೊರೆ ಇಲ್ಲ. ಆನೆಯ ಪಾದದಂಥ ಮೊಂಡು ಕಾಲು. ಇದು ನಡೆಯುವ ಜೀವ.

ನಮ್ಮವರು ಅರಣ್ಯ ಇಲಾಖೆಗೆ ಫೋನ್ ಮಾಡಿ ಕೊಟ್ಟರು. ಸಂಪಾಜೆ ಘಾಟಿಯಲ್ಲಿ ಮರ ಬಿದ್ದು ಎಲ್ಲರೂ ಅಲ್ಲಿದ್ದಾರೆ, ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು ಗಾರ್ಡ್. ನಾನು ಕಾಲಿನ ವಿವರ ಹೇಳಿದ ಮೇಲೆ, ಅದು ಕಾಡಿನ ನೆಲದ ಆಮೆ, ಮನೆಯಲ್ಲಿ ಸಾಕುವುದು ಅಪರಾಧ ಎಂದರು. ಒಂದು ದಿನದ ಮಟ್ಟಿಗೆ ಬೆಚ್ಚಗಿಡಿ ಎಂದೂ ಹೇಳಿದರು. "ಬಾವಿಗೆ ಮಾತ್ರ ಬಿಡ್ಬೇಡಿ ಅಮ್ಮ. ಸತ್ತೇ ಹೋಗ್ತದೆ."

ಫೋನ್ ಇಡುವಾಗ ನಫೀಸಾ ಕೊಡಪಾನ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಕೊಡಲಿಕ್ಕಾಗುವುದಿಲ್ಲ, ಇದು ಮುಳುಗುವ ಜಾತಿ ಎಂದೆ.

"ಆಮೆ ಮುಳುಗುದಾ? ಒಳ್ಳೆ ಕತೆ. ಕೊಡ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳಿ ಅಕ್ಕ, ಸಾಕು," ಎಂದು ಖಾಲಿ ಕೊಡಪಾನವನ್ನು ಸೊಂಟಕ್ಕೇರಿಸಿ ಹೋಗಿಬಿಟ್ಟಳು. ಬೇಲಿಯ ಮೇಲಿಂದ ಹಬ್ಬದ ತಿಂಡಿ ಕೊಟ್ಟು ತೆಗೆದುಕೊಂಡ ಇಷ್ಟು ವರ್ಷಗಳಲ್ಲಿ ಅವಳು ಹಾಗೆ ಹೋದದ್ದು ಅದೇ ಮೊದಲು. ಮರಿ ಉಳಿಯದಿದ್ದರೆ, ಮುಳುಗುವ ಜಾತಿ ಎಂದ ನನ್ನ ಮಾತೂ ಅವಳ ಕಣ್ಣಿಗೆ ಸುಳ್ಳಾಗುತ್ತಿತ್ತು.

ಅಟ್ಟದಲ್ಲಿ ಹಳೆಯ ಫಿಶ್ ಟ್ಯಾಂಕ್ ಇತ್ತು. ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ. ಇಳಿಸಿಕೊಟ್ಟ ನಮ್ಮವರು, "ಬಿಸಾಡುವ ಅಂದ್ರೆ ಹತ್ತು ವರ್ಷದಿಂದ ಬಿಡ್ಲಿಲ್ಲ. ಇದಕ್ಕಾ ಇಟ್ಟದ್ದು?" ಎಂದರು. ತಳಕ್ಕೆ ಮೂರು ಇಂಚು ಮಣ್ಣು ಮತ್ತು ತೆಂಗಿನ ನಾರಿನ ಹುಡಿ ಬೆರೆಸಿ ಹಾಕಿದೆ. ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು, ಕಡುಬಿನ ಹಿಟ್ಟಿನ ಹದ. ಒಂದು ತುದಿಯಲ್ಲಿ ಕೋಳಿಮರಿಗೆ ಹಾಕುವಂಥ ನಲವತ್ತು ವ್ಯಾಟಿನ ಬಲ್ಬ್, ಇನ್ನೊಂದು ತುದಿಯಲ್ಲಿ ನೆರಳಿಗೆ ಮುರಿದ ಹಂಚು. ಬಿಸಿ ಬೇಕೋ ತಂಪು ಬೇಕೋ, ಅದೇ ಆರಿಸಿಕೊಳ್ಳಲಿ ಎಂದು. ನೀರಿಗೆ ಉಪ್ಪಿನಕಾಯಿ ಭರಣಿಯ ಮುಚ್ಚಳ. ಬೆಕ್ಕು ಬಾರದಂತೆ ಮೇಲೆ ಹಪ್ಪಳ ಒಣಗಿಸುವ ಬಲೆ.

ಎಲ್ಲ ಸರಿ ಎಂದುಕೊಂಡರೆ ಮರಿ ಗಾಜಿಗೆ ಮೂಗು ಒತ್ತಿ ಒಂದೇ ಸಮನೆ ನಡೆಯತೊಡಗಿತು. ಅರ್ಧ ಗಂಟೆ ಅದೇ. ಹೊರಗೆ ಕಾಣುವ ಜಾಗಕ್ಕೆ ದಾರಿ ಇಲ್ಲವೆಂದು ಅದಕ್ಕೆ ಹೇಗೆ ತಿಳಿಯಬೇಕು? ಬ್ರೌನ್ ಪೇಪರ್ ತಂದು, ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕುವ ಹಾಗೆ ಮೂಲೆ ಮಡಚಿ, ನಾಲ್ಕೂ ಕಡೆ ಹೊರಗಿನಿಂದ ಸುತ್ತಿದೆ. ಗೋಡೆ ಗೋಡೆಯ ಹಾಗೆ ಕಂಡ ಮೇಲೆ ಅದು ನಿಂತಿತು.

ಎರಡು ಗಂಟೆಗೆ ಕರೆಂಟ್ ಹೋಯಿತು. ನನ್ನ ಸೊಂಟನೋವಿನ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಬಲ್ಬಿನ ಕೆಳಗೆ ಇಟ್ಟೆ. ಮರಿ ಹಂಚಿನ ಅಡಿಯಿಂದ ಬರಲೇ ಇಲ್ಲ. ಆ ಎರಡು ಗಂಟೆ ನಾನು ಚೀಲದ ನೀರು ಬದಲಿಸುತ್ತ ಅಲ್ಲೇ ಕೂತೆ. ನಾಲ್ಕಕ್ಕೆ ಬಲ್ಬ್ ಹತ್ತಿತು. ಸ್ವಲ್ಪ ಹೊತ್ತಿನಲ್ಲಿ ಮರಿ ಹೊರಬಂದು, ಬೆಳಕಿನ ಕೆಳಗೆ ಕುತ್ತಿಗೆ ಚಾಚಿ, ನಾನಿಟ್ಟಿದ್ದ ಒಂದೆಲಗದ ಎಲೆಯನ್ನು ಕಚ್ಚಿತು. ಎಲೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ತೂತು. ಅದನ್ನು ನೋಡಿ ಎದ್ದು ಚಹಾಕ್ಕೆ ಇಟ್ಟೆ.

ಸಾಕುವ ಕೆಲಸದಲ್ಲಿ ನಾವು ಹೆಚ್ಚಾಗಿ ನಮಗೆ ಗೊತ್ತಿರುವುದನ್ನೇ ಬಡಿಸುತ್ತೇವೆ. ಎದುರಿಗಿರುವ ಜೀವದ ಕಾಲನ್ನು ಮೊದಲು ನೋಡಬೇಕು ಎಂದು ಇಪ್ಪತ್ತೇಳು ವರ್ಷದ ಮೇಲೆ ನಾನು ಕಲಿತದ್ದು ಹೀಗೆ.

ಸಂಜೆ ನಫೀಸಾ ನನ್ನದೇ ಒಂದು ಸ್ಟೀಲ್ ಡಬ್ಬಿ ಹಿಂದಿರುಗಿಸುವ ನೆವದಲ್ಲಿ ಬಂದಳು. ಬಲೆ ಸರಿಸಿ ತೋರಿಸಿ, ಕರೆಂಟ್ ಹೋದಾಗ ಚೀಲ ಇಟ್ಟು ಕೂತದ್ದನ್ನೂ ಹೇಳಿದೆ. ಮರಿ ಎಲೆ ತಿನ್ನುವುದನ್ನು, ಬಲ್ಬನ್ನು, ಬೈಂಡ್ ಹಾಕಿದ ಗಾಜನ್ನು, ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಒಂದೊಂದಾಗಿ ನೋಡಿದಳು. ಮೊಂಡು ಕಾಲನ್ನೂ ಬಗ್ಗಿ ನೋಡಿದಳು. ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದಳು: "ನಮ್ಮ ಬಾವಿಗೆ ಬ್ಲೀಚಿಂಗ್ ಪೌಡರೇ ಸಾಕು ಅಕ್ಕ. ಅದಕ್ಕೆ ಕರೆಂಟ್ ಹೋದ್ರೆ ಯಾರೂ ಕೂತು ಕಾಯುದು ಬೇಡ."