ಮೀಟರು ಏರದ ಕಾರು

ಅಮೆರಿಕದ ಕೆನೋಶಾ ಊರಿನ ಕಾರು ಕಾರ್ಖಾನೆಯಲ್ಲಿ ದುಡಿದ ವರ್ನನ್, ಅಲ್ಲಿಯೇ ತಯಾರಾದ ಪುಟ್ಟ ರ್‍ಯಾಂಬ್ಲರ್ ಕಾರೊಂದನ್ನು ಕೊಂಡು, ಹೊದಿಕೆ ಹಾಕಿ ಶೆಡ್ಡಿನಲ್ಲಿಟ್ಟಿದ್ದ. ಅದರ ಬಟ್ಟೆಯ ಚಾವಣಿ ಮಡಚಿ ಸರೋವರದ ದಡಕ್ಕೆ ಕರೆದೊಯ್ಯುವೆನೆಂದು ಹೆಂಡತಿ ಆರ್ಡಿಸ್‌ಗೆ ವರ್ಷವರ್ಷವೂ ಹೇಳುತ್ತಲೇ ತೀರಿಕೊಂಡ. ಹಳೆಯ ಕಾರುಗಳ ವ್ಯಾಪಾರಿ ಡೆಲ್ ಅದನ್ನು ಕೊಂಡು, ಸಾಗಿಸಲು ಟ್ರೇಲರ್ ತಂದ.

“ಒಂದ್ಸಲ ದಡದ ತನಕ ಸುತ್ತಾಡಿಸಪ್ಪ, ಆಮೇಲೆ ತಗೊಂಡ್ಹೋಗು,” ಎಂದಳು ಮುದುಕಿ.

“ಅಯ್ಯೋ, ಬೇಡಮ್ಮಾ! ಮೈಲಿ ಮೀಟರು ಏರಿದ್ರೆ ಬೆಲೆ ಇಳಿಯುತ್ತೆ. ನಿಮ್ಮೆಜಮಾನ್ರು ಎಷ್ಟು ಚೆನ್ನಾಗಿ ನೋಡ್ಕೊಂಡಿದಾರೆ!”

“ಕಾರನ್ನ ನೋಡ್ಕೊಂಡ್ರು, ಬಿಡು.”

ಡೆಲ್ ಮರುಕದಿಂದ ಕಾರಿನ ಬಾಗಿಲು ತೆರೆದ. ಆರ್ಡಿಸ್ ನಿಂತ ಕಾರಿನಲ್ಲೇ ಸ್ವಲ್ಪ ಹೊತ್ತು ಕುಳಿತಳು. ಅವಳು ಇಳಿದೊಡನೆ ಅವನು ಸೀಟನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ.

“ನಾನು ಮುಟ್ಟಿದ್ರೆ ಅವರೂ ಹೀಗೇ ಒರೆಸ್ತಿದ್ರು,” ಎಂದು ಕೀಲಿಕೈ ಕೊಟ್ಟು ಒಳಗೆ ನಡೆದಳು.