ಎರಡು ಸಲ ತಟ್ಟಿದ ಕೈ

ಗಾಳಿಯಣ್ಣನ ಮುಂದೆ ಇವತ್ತಿಗೂ ಅವನ ಭಾಮೈದನ ಸುದ್ದಿ ಎತ್ತುವ ಹಾಗಿಲ್ಲ. ಎತ್ತಿದವನ ಕಡೆಗೆ ಕೈಯಲ್ಲಿದ್ದ ನೀರಿನ ಪೈಪು ತಿರುಗುತ್ತದೆ. "ಉಂಡ ಮನೆಗೆ ಎರಡು ಬಗೆದ ನಾಯಿ ಅದು" ಎನ್ನುತ್ತಾನೆ. ಗಾಳಿಯಣ್ಣ ಜೈಲಿಂದ ಬಂದು ಎಷ್ಟೋ ವರ್ಷ ಕಳೆದಿದೆ, ಸಿಟ್ಟು ಮಾತ್ರ ಒಲೆಯಿಂದ ಈಗ ಇಳಿಸಿದ ಹಾಗಿದೆ.

ಈಗ ಅವನಿಗೆ ಬಸ್ಸು ತೊಳೆಯುವ ಕೆಲಸ. ಮೊದಲು ಬಸ್ಸು ಓಡಿಸುತ್ತಿದ್ದ. ಹಿಂದೆ ಬರುವ ಬಸ್ಸಿಗೆ ಒಂದು ಸ್ಟಾಪಿನ ಜನವನ್ನೂ ಬಿಟ್ಟುಕೊಟ್ಟವನಲ್ಲ. ಗಾಳಿಯಣ್ಣ ಎಂಬ ಅಡ್ಡಹೆಸರು ಬಂದದ್ದೇ ಅದರಿಂದ. ಹೆಂಡತಿಯ ತಮ್ಮ ಕೆಲಸವಿಲ್ಲದೆ ಇವನ ಮನೆಯಲ್ಲೇ ಚಾಪೆ ಸವೆಸುತ್ತಿದ್ದಾಗ ಮಾಲೀಕನ ಬೆನ್ನು ಬಿದ್ದು ತನ್ನ ಬಸ್ಸಿಗೇ ಕ್ಲೀನರ್ ಮಾಡಿಸಿಕೊಂಡ.

ಪೇಟೆಯ ಇಕ್ಕಟ್ಟಿನಲ್ಲಿ ಅಂಗಡಿಗಳ ತಗಡಿಗೆ ತಾಗಿ ತಾಗಿ ಬಸ್ಸಿನ ಎಡಗಡೆ ಕನ್ನಡಿ ಪುಡಿಯಾಗಿತ್ತು. ಮಾಲೀಕ ಹೊಸದು ಹಾಕಿಸಲಿಲ್ಲ, ಇವರೂ ಜೋರು ಮಾಡಿ ಕೇಳಲಿಲ್ಲ. ಭಾಮೈದ ಬಾಗಿಲಲ್ಲಿ ಜೋತುಬಿದ್ದು ಹಿಂದೆ ನೋಡುತ್ತಿದ್ದ. ಬಸ್ಸಿನ ತಗಡಿನ ಮೇಲೆ ಒಂದು ಸಲ ತಟ್ಟಿದರೆ ತಡಿ ಎಂದರ್ಥ, ಎರಡು ಸಲ ತಟ್ಟಿದರೆ ದಾರಿ ಖಾಲಿ, ಎಡಕ್ಕೆ ಎಳಿ.

"ನಮಗೆ ಕನ್ನಡಿ ಯಾಕಲೇ, ನೀನಿಲ್ವಾ?" ಎಂದು ಗಾಳಿಯಣ್ಣ ನಗುತ್ತಿದ್ದ.

"ಕನ್ನಡಿ ಒಡೆದ್ರೆ ಹೊಸದು ಸಿಗುತ್ತೆ ಭಾವ. ನನ್ನ ಒಡೆದ್ರೆ ಅಕ್ಕ ನಿನ್ನ ಬಿಡಲ್ಲ."

ಒಂದು ಮಧ್ಯಾಹ್ನ ಹಿಂದಿನ ಬಸ್ಸು ಬಾಲಕ್ಕೆ ಅಂಟಿಕೊಂಡೇ ಬರುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಜನ ತುಂಬಿದ್ದರು. ನಡುವೆ ಒಬ್ಬ ಬಡಗಿ, ಹ್ಯಾಂಡಲ್ಲಿಗೆ ಸಾಮಾನಿನ ಚೀಲ ನೇತುಹಾಕಿಕೊಂಡು ಸೈಕಲ್ ತುಳಿಯುತ್ತಿದ್ದ. ಗಾಳಿಯಣ್ಣ ಅವನನ್ನು ದಾಟಿ, ಸ್ಟಾಪಿಗೆಂದು ಎಡಕ್ಕೆ ಎಳೆದ. ತಗಡು ಎರಡು ಸಲ ಧಡಧಡ ಎಂದಿತು. ಆಮೇಲೆ ಹಿಂದಿನ ಚಕ್ರ ಏನನ್ನೋ ಹತ್ತಿ ಇಳಿಯಿತು. ಬಸ್ಸು ನಿಂತಾಗ ಗರಗಸ, ಉಳಿ, ಸುತ್ತಿಗೆ ರಸ್ತೆ ತುಂಬ ಚೆಲ್ಲಿದ್ದವು. ಬಡಗಿಯಲ್ಲಿ ಜೀವ ಇರಲಿಲ್ಲ.

ಅತಿವೇಗ, ಅಜಾಗರೂಕತೆ, ಅದರಿಂದ ಸಾವು ಎಂದು ಕೇಸಾಯಿತು. ವಕೀಲ ಮುಚ್ಚುಮರೆ ಮಾಡಲಿಲ್ಲ: "ಸ್ಟೇರಿಂಗ್ ಯಾರ ಕೈಲಿತ್ತೋ ತಪ್ಪು ಅವರ ತಲೆ ಮೇಲೆ. ಆದ್ರೆ ನಿನ್ನ ಕ್ಲೀನರ್ರು, ನಾನೇ ತಟ್ಟಿದೆ, ಅದನ್ನ ನಂಬಿ ಎಳೆದ ಅಂತ ಹೇಳಿದ್ರೆ ಶಿಕ್ಷೆ ಇಳಿಸೋಕೆ ನನಗೊಂದು ಹಿಡಿ ಸಿಗುತ್ತೆ. ಅವನ ಬಾಯಿ ಮೇಲೆ ನಿಂತಿದೆ."

ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಭಾಮೈದ ಅಕ್ಕನ ತಲೆ ಮುಟ್ಟಿದ. "ಹೇಳ್ತೀನಿ ಭಾವ. ನಾನು ತಟ್ಟಿದ್ದಕ್ಕೇ ನೀನು ಎಳೆದದ್ದು. ಅಕ್ಕನಾಣೆ." ಅಕ್ಕ ಕಣ್ಣೊರೆಸಿಕೊಂಡು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಸಾಕ್ಷಿಯ ದಿನ ಕೋರ್ಟಿನ ಹೊರಗಿನ ಬೆಂಚಿನಲ್ಲಿ ಬಡಗಿಯ ಹೆಂಡತಿ ಕೂತಿದ್ದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ಎದ್ದು ಬಂದು ಗಾಳಿಯಣ್ಣನನ್ನು ಕೇಳಿದಳು: "ಅಣ್ಣಾ, ಒಂದೇ ಮಾತು. ನಮ್ಮನೆಯವರು ಕೂಗಿದ್ದು ನಿಮಗೆ ಕೇಳಿಸ್ತಾ?"

ವಕೀಲ ತೋಳು ಜಗ್ಗಿದ. "ಆಮೇಲೆ ಹೇಳ್ತೀನಮ್ಮಾ" ಎಂದು ಗಾಳಿಯಣ್ಣ ಒಳಗೆ ನಡೆದ.

ಒಳಗೆ ಭಾಮೈದನನ್ನು ಕೇಳಿದರು: ತಟ್ಟಿದೆಯಾ? ಅವನು ನೆಲ ನೋಡುತ್ತ ಹೇಳಿದ, "ಇಲ್ಲ ಸ್ವಾಮಿ. ನಾನು ಬೇಡ ಬೇಡ ಅಂತ ಕೂಗ್ತಾನೇ ಇದ್ದೆ. ಅವರು ಕೇಳಲಿಲ್ಲ."

ಅವರು! ಮೊನ್ನೆಯವರೆಗೂ ಭಾವ ಆಗಿದ್ದವನು ಈಗ ಅವರು. ಗಾಳಿಯಣ್ಣ ಕಟಕಟೆಯಲ್ಲೇ "ಲೋ!" ಎಂದು ಅಬ್ಬರಿಸಿದ. ಪೊಲೀಸಿನವನು ಭುಜ ಅದುಮಿದ.

ಶಿಕ್ಷೆಯಾಯಿತು, ಲೈಸೆನ್ಸೂ ಹೋಯಿತು. ಜೈಲಿಗೆ ನೋಡಲು ಬಂದ ಹೆಂಡತಿ ಸೆರಗಿನ ತುದಿ ಹಿಂಡುತ್ತ, "ತಮ್ಮನಿಗೆ ಮಾಲೀಕರು ನಿಮ್ಮ ಬಸ್ಸೇ ಓಡಿಸೋಕೆ ಕೊಟ್ಟಿದಾರಂತೆ" ಎಂದಳು.

"ಕನ್ನಡಿ?"

"ಎಡಗಡೆಗೆ ಹೊಸದು ಹಾಕಿಸಿದಾರೆ."

ತಟ್ಟಿದ ಮಾತು ಬಂದಿದ್ದರೆ ಕನ್ನಡಿ ಇಲ್ಲದ್ದೂ ಕೋರ್ಟಿನಲ್ಲಿ ಹೊರಬೀಳುತ್ತಿತ್ತು. ಮಾಲೀಕ ಏನು ಹೇಳಿ ಹುಡುಗನ ಬಾಯಿ ತಿರುಗಿಸಿದನೆಂದು ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಳೆ ಬೈಗುಳ ಸಾಲದೆ ಗಾಳಿಯಣ್ಣ ಅಲ್ಲೇ ಕೂತು ಹೊಸವನ್ನು ಹುಟ್ಟಿಸಿದ.

ಬಿಡುಗಡೆಯಾದ ಮೇಲೆ ಸರ್ವೀಸ್ ಸ್ಟೇಶನ್ನಿನಲ್ಲಿ ತೊಳೆಯುವ ಕೆಲಸ ಸಿಕ್ಕಿತು. ಒಂದು ದಿನ ಅದೇ ಬಸ್ಸು ಅಲ್ಲಿಗೇ ಬಂತು. ಭಾಮೈದ ಇಳಿದ, ಹೊಟ್ಟೆ ಬಂದಿತ್ತು. ಗಾಳಿಯಣ್ಣ ಮೊದಲು ಆ ಕನ್ನಡಿ ತೊಳೆದ. ಆಮೇಲೆ ಕೇಳಿದ:

"ಈಗ ಕೋರ್ಟಿಲ್ಲ, ವಕೀಲ ಇಲ್ಲ. ಬೊಗಳು. ತಟ್ಟಿದ್ಯೋ ಇಲ್ವೋ?"

ಭಾಮೈದ ಸುತ್ತ ನೋಡಿದ. "ತಟ್ಟಿದೆ ಭಾವ."

"ಮತ್ತೆ?"

"ನೀನು ಎಳೆದ ಮೇಲೆ ತಟ್ಟಿದ್ದು. ಬಸ್ಸು ಆಗಲೇ ತಿರುಗಿತ್ತು, ನನ್ನ ಕೈ ಅದರ ಹಿಂದೆ ಓಡ್ತು, ಅಷ್ಟೇ. ದಿನಾ ಹಂಗೇ ಆಗ್ತಿತ್ತು. ನನ್ನ ಕೈಗೆ ನೀನು ಯಾವತ್ತು ಕಾದಿದ್ದೆ?"

"ಸುಳ್ಳಾ! ಹುದ್ದೆಗೋಸ್ಕರ ಅಕ್ಕನ ತಲೆ ಮಾರಿದೋನು ನನಗೆ ಲೆಕ್ಕ ಹೇಳಿಕೊಡ್ತೀಯಾ?" ಎಂದು ಗಾಳಿಯಣ್ಣ ಪೈಪನ್ನು ಅವನ ಮುಖಕ್ಕೇ ಹಿಡಿದ. ಭಾಮೈದ ಒದ್ದೆ ಬಟ್ಟೆಯಲ್ಲೇ ಸೀಟು ಹತ್ತಿ ಹೊರಟುಹೋದ. ಅಂದಿನಿಂದ ಆ ಬಸ್ಸು ತೊಳೆಯಲು ಬೇರೆ ಕಡೆ ಹೋಗುತ್ತದೆ.

ಸುಳ್ಳೇ ಇರಬೇಕು. ಆದರೆ ಆ ಮಧ್ಯಾಹ್ನವನ್ನು ಗಾಳಿಯಣ್ಣ ಮತ್ತೆ ಮತ್ತೆ ಜೋಡಿಸಿ ನೋಡುವಾಗ ಕಿವಿಗೆ ಮೊದಲು ಬರುವುದು ತಟ್ಟಿದ ಸದ್ದಲ್ಲ. ಬಡಗಿಯ ಕೂಗು. ಬಸ್ಸು ಕಂಡ ಸೈಕಲ್ಲು ತಾನೇ ನಿಲ್ಲುತ್ತದೆ ಬಿಡು ಎನ್ನುವುದು ಆ ರೂಟಿನ ಡ್ರೈವರುಗಳೆಲ್ಲರ ಎಣಿಕೆ. ಅಂದು ಅವನದೂ ಅದೇ ಆಗಿತ್ತು.

ಬಡಗಿಯ ಹೆಂಡತಿ ಈಗ ಗಂಡನ ಸಾಮಾನಿನಲ್ಲೇ ಹಳೆಯ ಕುರ್ಚಿ, ಮೇಜು ರಿಪೇರಿ ಮಾಡುತ್ತಾಳೆ. ಒಮ್ಮೆ ಗಾಳಿಯಣ್ಣ ಕೋರ್ಟಿನಲ್ಲಿ ಬಾಕಿಯಿಟ್ಟ ಮಾತು ಹೇಳಲೆಂದು ಅವಳ ಬೀದಿಗೆ ಹೋಗಿ ಬಾಗಿಲಲ್ಲಿ ನಿಂತ. ಅವಳು ಮರ ನುಣುಪಾಗಲು ಉಪ್ಪುಕಾಗದ ಉಜ್ಜುತ್ತಿದ್ದವಳು ತಲೆಯೆತ್ತಿದಳು. ಗುರುತು ಸಿಗಲಿಲ್ಲ.

"ಏನು ಬೇಕಿತ್ತಣ್ಣಾ?"

"ಮನೇಲೊಂದು ಸ್ಟೂಲಿದೆಯಮ್ಮಾ. ಕಾಲು ಅಲ್ಲಾಡುತ್ತೆ."

"ತಂದುಕೊಡಿ, ಸರಿ ಮಾಡ್ಕೊಡ್ತೀನಿ."

"ಆಮೇಲೆ ತರ್ತೀನಿ" ಎಂದು ಬಂದುಬಿಟ್ಟ.

ಸ್ಟೂಲು ಇನ್ನೂ ಮನೆಯಲ್ಲೇ ಅಲ್ಲಾಡುತ್ತಿದೆ. ಅದರ ಮೇಲೆ ಕೂತಾಗಲೆಲ್ಲ ಹೆಂಡತಿ ಗೊಣಗುತ್ತಾಳೆ, ಗಾಳಿಯಣ್ಣ ಅವಳ ತಮ್ಮನನ್ನು ಬೈಯುತ್ತಾನೆ. ಆ ಬೀದಿಗೆ ಮತ್ತೆ ಹೋಗಿಲ್ಲ.