ಎದುರಾಳಿಗೆ ತಿಳಿಯುವ ಭಾಷೆ

ನಾಸಿಕ್ಕಿನ ನಮ್ಮ ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ನೀರಿನ ಟ್ಯಾಂಕು ತೊಳೆಯುವ ದಿನವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದರೂ ಅದನ್ನು ಓದುವವರು ಯಾರೂ ಇಲ್ಲ. ತಲೆಗೆ ಸೋಪು ಹಚ್ಚಿಕೊಂಡ ಮೇಲೆಯೇ ಎಲ್ಲರಿಗೂ ಆ ನೋಟಿಸಿನ ಅಸ್ತಿತ್ವದ ಅರಿವಾಗುವುದು. ಅಂಥ ಊರಿನಲ್ಲೇ ಕಳೆದ ಚಳಿಗಾಲದ ಒಂದು ಸಂಜೆ, ಒಂದು ಕಾರ್ಡಿನ ಆಟದ ಪಂದ್ಯಾವಳಿಗೆ ಹೊಸ ನಿಯಮಗಳು ಬಂದಿವೆ ಎಂಬ ಹದಿನಾಲ್ಕು ಪುಟಗಳ ಪಿಡಿಎಫ್ ನಮ್ಮ ಆಟಗಾರರ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಾಗ, ಹತ್ತೇ ನಿಮಿಷದಲ್ಲಿ ಗುಂಪಿನವರೆಲ್ಲ ಅದನ್ನು ಅಡಿಟಿಪ್ಪಣಿಗಳ ಸಮೇತ ಓದಿ, ವ್ಯಾಖ್ಯಾನಿಸಿ, ಖಂಡಿಸಿ ಮುಗಿಸಿದ್ದರು. ಸಂವಿಧಾನವನ್ನು ಇಷ್ಟು ಶ್ರದ್ಧೆಯಿಂದ ಓದುವ ಪ್ರಜೆಗಳಿದ್ದಿದ್ದರೆ ನಮ್ಮ ವಕೀಲರೆಲ್ಲ ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತಿತ್ತು.

ಈ ಆಟ ಗೊತ್ತಿಲ್ಲದ ಓದುಗ ಮಿತ್ರರು ಸಂಕೋಚಪಡಬೇಕಾಗಿಲ್ಲ. ಎರಡು ವರ್ಷ ಆಡಿದ ನನಗೂ ಅದು ಪೂರ್ತಿ ಗೊತ್ತಿಲ್ಲ. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬನೂ ಅಂಗಡಿಯಿಂದ ಕೊಂಡು, ಪರರೊಡನೆ ವಿನಿಮಯ ಮಾಡಿಕೊಂಡು, ಸ್ವಂತ ಅರವತ್ತು ಕಾರ್ಡುಗಳ ಸೈನ್ಯ ಕಟ್ಟಿಕೊಂಡು ಬರಬೇಕು. ಒಂದರಲ್ಲಿ ಸರ್ಪ, ಇನ್ನೊಂದರಲ್ಲಿ ಯೋಧ, ಮತ್ತೊಂದರಲ್ಲಿ ಬೆಂಕಿ. ಸರ್ಪ ಯೋಧನನ್ನು ನುಂಗುತ್ತದೆ, ಬೆಂಕಿ ಸರ್ಪವನ್ನು ಸುಡುತ್ತದೆ, ಕಾರ್ಡಿನ ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದ ಅಪವಾದ ಇವೆಲ್ಲವನ್ನೂ ರದ್ದು ಮಾಡುತ್ತದೆ. ನನ್ನಂಥ ಚಾಳೀಸು ಮೂಗಿನವನಿಗೆ ಆ ಅಪವಾದ ಕಾಣಿಸುವುದು ಸೋತ ಮೇಲೆ.

ಹೊಸ ನಿಯಮಗಳಲ್ಲಿ ಮೊದಲನೆಯದು, ಎಲ್ಲರೂ ನೆಚ್ಚಿಕೊಂಡಿದ್ದ ಮೂರು ತಲೆಯ ಗರುಡನ ಕಾರ್ಡಿಗೆ ನಿಷೇಧ. ಎರಡನೆಯದು, ಪ್ರತಿ ಸುತ್ತಿನ ಅವಧಿಯಲ್ಲಿ ಹತ್ತು ನಿಮಿಷ ಕಡಿತ. ಮೂರನೆಯದು, ಆಡುವ ಮೇಜಿನ ಮೇಲೆ ತಿಂಡಿ ತರಕೂಡದು. ಗರುಡನ ಸಾವಿಗೆ ಇಬ್ಬರು ತಮ್ಮ ಪ್ರೊಫೈಲ್ ಚಿತ್ರವನ್ನು ಕಪ್ಪು ಮಾಡಿಕೊಂಡರು. ಸಿ.ಎ. ಓದುತ್ತಿರುವ ಒಬ್ಬ ಮಹಾಶಯ ಆಟದಿಂದಲೇ ನಿವೃತ್ತಿ ಘೋಷಿಸಿದ. ಅದು ಆ ವರ್ಷದ ಅವನ ಮೂರನೆಯ ನಿವೃತ್ತಿ. ಮಿಸಳ್ ತಿನ್ನುತ್ತಲೇ ಯುದ್ಧ ಮಾಡುವ ಅಭ್ಯಾಸವಿದ್ದ ಇನ್ನೊಬ್ಬ, ಮೂರನೆಯ ನಿಯಮವು ನಾಸಿಕ್ಕಿನ ಸಂಸ್ಕೃತಿಯ ಮೇಲಿನ ನೇರ ಹಲ್ಲೆಯೆಂದು ಬರೆದ. ಶಾಂತನಾಗಿದ್ದವನು ಚಾಂದವಡ್‌ನ ಈರುಳ್ಳಿ ವ್ಯಾಪಾರಿಯೊಬ್ಬನೇ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಸರ್ಕಾರದ ಒಂದು ಆದೇಶಕ್ಕೆ ರಫ್ತು ನಿಂತುಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದ ಆ ಮನುಷ್ಯ, ಒಂದು ಗರುಡ ಹೋಯಿತೆಂದು ಅಳುವವರನ್ನು ಕಂಡು ನಗುವ ಮುಖದ ಚಿತ್ರವೊಂದನ್ನು ಕಳಿಸಿದ.

ನಾಲ್ಕನೆಯ ನಿಯಮಕ್ಕೆ ಯಾರೂ ಗೋಳಾಡಲಿಲ್ಲ. ಜೋಡಿ ಪಂದ್ಯದಲ್ಲಿ ಜೊತೆಗಾರರು ಪರಸ್ಪರ ಮಾತನಾಡುವುದಿದ್ದರೆ, ಎದುರಾಳಿಗಳಲ್ಲಿ ಒಬ್ಬರಿಗಾದರೂ ತಿಳಿಯುವ ಭಾಷೆಯಲ್ಲಿ ಮಾತ್ರ ಮಾತನಾಡತಕ್ಕದ್ದು ಎಂದು ಅದು ಹೇಳುತ್ತಿತ್ತು. ಅದನ್ನು ಓದಿ ಎದೆ ಧಸಕ್ಕೆಂದದ್ದು ಇಡೀ ಗುಂಪಿನಲ್ಲಿ ನನಗೊಬ್ಬನಿಗೆ. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬೀದರ ಜಿಲ್ಲೆಯ ಭಾಲ್ಕಿಯವನು. ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಸುತ್ತೋಲೆಗಳನ್ನು ಬರೆಯುವುದು ನನ್ನ ಹೊಟ್ಟೆಪಾಡು. ಹೆಂಡತಿ ಸುವರ್ಣಾ ಹುಮನಾಬಾದಿನವಳು. ಮಗಳು ಗೌರಿ ನಾಸಿಕ್ಕಿನಲ್ಲೇ ಹುಟ್ಟಿದವಳು, ಈಗ ಹದಿನೇಳು. ನಾವಿಬ್ಬರೂ ಆಡುವ ಕನ್ನಡ ಅವಳಿಗೆ ಒಂದು ಅಕ್ಷರವೂ ಬಿಡದೆ ತಿಳಿಯುತ್ತದೆ. ಉತ್ತರ ಮಾತ್ರ ಮರಾಠಿಯಲ್ಲಿ. ಇಲ್ಲಿರುವ ನಮ್ಮ ಕಡೆಯವರ ಮನೆಮನೆಯ ಕಥೆ ಇದೇ. ಈ ಆಟದ ಹುಚ್ಚು ಅವಳದು; ಪಂದ್ಯಗಳು ನಡೆಯುವ ಕಾರ್ಡಿನ ಅಂಗಡಿಗೆ ಅವಳೊಬ್ಬಳನ್ನೇ ಕಳಿಸಲು ಸುವರ್ಣಾ ಒಪ್ಪದ ಕಾರಣ ನಾನು ಅಂಗರಕ್ಷಕನಾಗಿ ಹೋಗುತ್ತಿದ್ದೆ. ಒಂದು ದಿನ ಜೋಡಿ ಪಂದ್ಯಕ್ಕೆ ಒಬ್ಬರು ಕಡಿಮೆ ಬಿದ್ದು, ಮೂಲೆಯಲ್ಲಿ ತೂಕಡಿಸುತ್ತಿದ್ದ ಅಂಗರಕ್ಷಕನಿಗೆ, ಮಗಳ ಹೆಚ್ಚುವರಿ ಕಟ್ಟಿನ ಸಮೇತ, ಸೇನಾಪತಿಯಾಗಿ ಬಡ್ತಿ ಸಿಕ್ಕಿತು.

ಆ ಮೊದಲ ಆಟದಲ್ಲಿ ನಾನು ಎಲ್ಲ ಹೊಸಬರಂತೆ ನನ್ನ ಅತಿ ಬಲಿಷ್ಠ ಕಾರ್ಡನ್ನು ಮೊದಲೇ ಇಳಿಸಲು ಹೊರಟಿದ್ದೆ. ಬೇಡವೆಂದು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದರೆ ಎದುರಿನವರಿಗೆ ಗುಟ್ಟು ತಿಳಿಯುತ್ತದೆ. ಗೌರಿ ಒಂದು ಕ್ಷಣ ಚಡಪಡಿಸಿ, ಅವಳಮ್ಮ ಒಲೆಯ ಮುಂದೆ ಅವಳಿಗೆ ಹೇಳುತ್ತಿದ್ದ ಮಾತನ್ನೇ ನನಗೆ ಹೇಳಿದಳು: “ಮುಟ್ಟಬ್ಯಾಡ, ಕೈ ಸುಡ್ತದ.” ನಾನು ಕೈ ಹಿಂದೆಗೆದೆ. ಗೆದ್ದೆವು. ಗೆದ್ದದ್ದು ನನಗೆ ಮುಖ್ಯವಾಗಿರಲಿಲ್ಲ. ನನ್ನ ಮಗಳು ಎಷ್ಟೋ ವರ್ಷಗಳ ಮೇಲೆ ನನ್ನೊಡನೆ ಕನ್ನಡ ಆಡಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕಣ್ಣು ತೇವವಾಗಿತ್ತು. ಅವಳು ಕೇಳಿದ್ದಕ್ಕೆ ಧೂಳು ಅಂದೆ.

ಅಲ್ಲಿಂದ ನಮ್ಮ ರಣಭಾಷೆ ಸಿದ್ಧವಾಯಿತು. ಪಾಪ, ಅವಳ ಬಾಯಲ್ಲಿದ್ದ ಕನ್ನಡವೆಲ್ಲ ಬೈಸಿಕೊಂಡ ಕನ್ನಡ. ಮಗುವಾಗಿ ಏನೇನು ಗದರಿಸಿಕೊಂಡಿದ್ದಳೋ ಅದಷ್ಟೇ ಅವಳ ಶಬ್ದಸಂಪತ್ತು. ನಾನು ಅವಸರಿಸಿದರೆ ‘ಗಪ್ ಕೂಡು’, ಕೈಯಲ್ಲಿದ್ದ ಕಾರ್ಡುಗಳನ್ನೆಲ್ಲ ಇಳಿಸಬೇಕಾದರೆ ‘ತಾಟಿನ್ಯಾಗ ಏನೂ ಬಿಡಬ್ಯಾಡ’. ಐವತ್ತೆರಡು ವರ್ಷದ ತಂದೆಯನ್ನು ಹದಿನೇಳರ ಹುಡುಗಿ ತುಂಬಿದ ಸಭೆಯಲ್ಲಿ ಹೀಗೆ ಗದರುತ್ತಿದ್ದರೆ, ಎದುರು ಕುಳಿತವರು ಇದ್ಯಾವುದೋ ಗಹನವಾದ ವ್ಯೂಹರಚನೆ ಎಂದು ಬೆವರುತ್ತಿದ್ದರು. ಬರಬರುತ್ತ ಗದರಿಕೆ ಸಾಲದಾಯಿತು. ಭಾಲ್ಕಿಯಲ್ಲಿರುವ ಅಜ್ಜಿಗೆ ಫೋನು ಮಾಡಿ ಎಪ್ಪತ್ತೆಂಟಕ್ಕೆ ಏನನ್ನುತ್ತಾರೆ, ‘ಆಮೇಲೆ’ಗೂ ‘ಆಗಲೇ’ಗೂ ಏನು ವ್ಯತ್ಯಾಸ ಎಂದು ಕೇಳತೊಡಗಿದಳು. ನಮ್ಮವ್ವ ಇದನ್ನು ದೈವಕೃಪೆ ಎಂದು ತಿಳಿದಿದ್ದಾಳೆ. ಸರ್ಪಕ್ಕೆ ಇನ್ನೆಷ್ಟು ಪ್ರಾಣ ಉಳಿದಿದೆ ಎಂದು ಲೆಕ್ಕ ಹೇಳಲು ಮೊಮ್ಮಗಳು ಎಣಿಕೆ ಕಲಿಯುತ್ತಿದ್ದಾಳೆಂದು ನಾನು ಬಿಡಿಸಿ ಹೇಳಲಿಲ್ಲ.

ಈಗ ನಾಲ್ಕನೆಯ ನಿಯಮ ಏನು ಕಸಿದುಕೊಳ್ಳಲು ಹೊರಟಿತ್ತೆಂದು ನಿಮಗೆ ತಿಳಿದಿರಬೇಕು. ಗುಟ್ಟಿಗಾಗಿ ಬಂದ ಕನ್ನಡ, ಗುಟ್ಟಿನ ಅಗತ್ಯ ತೀರಿದೊಡನೆ ಹೊರಟುಹೋಗುತ್ತದೆ. ನಿಯಮ ಯಾರ ದೂರಿನಿಂದ ಬಂತೆಂಬುದೂ ಸ್ಪಷ್ಟವಾಗಿತ್ತು. ಅಂತೂ ಆ ‘ಮದ್ರಾಸಿ’ಗಳ ಆಟಕ್ಕೆ ಕಡಿವಾಣ ಬಿತ್ತೆಂದು ಒಬ್ಬ ಗುಂಪಿನಲ್ಲಿ ಬರೆದಿದ್ದ. ಭಾಲ್ಕಿಯಿಂದ ನಾಸಿಕ್ಕಿಗಿಂತ ಮದ್ರಾಸೇ ದೂರ ಎಂದು ಭೂಪಟ ಹಚ್ಚಿ ಉತ್ತರಿಸೋಣವೆನಿಸಿತು. ಬದಲಿಗೆ ನನ್ನ ವೃತ್ತಿಕೌಶಲವನ್ನೆಲ್ಲ ಧಾರೆಯೆರೆದು, ಸಹಜನ್ಯಾಯ, ಭಾಷಿಕ ಸ್ವಾತಂತ್ರ್ಯ, ಪೂರ್ವಾನ್ವಯ ಮುಂತಾದ ಘನ ಪದಗಳನ್ನು ತುಂಬಿ ಆಯೋಜಕರಿಗೆ ಮೂರು ಪುಟಗಳ ಆಕ್ಷೇಪಣಾ ಪತ್ರ ಕಳಿಸಿದೆ. ಮರುದಿನ ಉತ್ತರ ಬಂತು: ಎತ್ತಿದ ಒಂದು ಹಳದಿ ಹೆಬ್ಬೆರಳು.

ಆ ಹೆಬ್ಬೆರಳನ್ನು ಸುವರ್ಣಾಳಿಗೆ ತೋರಿಸಿ, ನಿಯಮ ಮಾಡುವವರಿಗೆ ಕರುಳೇ ಇರುವುದಿಲ್ಲವೆಂದು ಉಪನ್ಯಾಸ ಶುರುಮಾಡಿದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡು, ತಲೆಯೆತ್ತದೆ ಹೇಳಿದಳು: “ಆಟದವರ ನಿಯಮಕ್ಕ ನೀವು ಮೂರು ಪೇಜ್ ಅರ್ಜಿ ಬರದ್ರಿ. ನಿಮ್ಮ ನಿಯಮಕ್ಕ ಆ ಕೂಸು ಯಾರಿಗಿ ಅರ್ಜಿ ಕೊಡಬೇಕಿತ್ರಿ?”

ಈ ಸಂಗತಿಯನ್ನು ನಿಮ್ಮಿಂದ ಮುಚ್ಚಿಡಬೇಕೆಂದಿದ್ದೆ, ಹೆಂಡತಿ ಬಿಡಲಿಲ್ಲ. ಗೌರಿಗೆ ಒಂಬತ್ತು ವರ್ಷವಾಗಿದ್ದಾಗ ನಾನು ಮನೆಯಲ್ಲೊಂದು ಸುತ್ತೋಲೆ ಹೊರಡಿಸಿದ್ದೆ: ಊಟಕ್ಕೆ ಕುಳಿತಾಗ ಕನ್ನಡ ಮಾತ್ರ, ಮರಾಠಿಯಲ್ಲಿ ಮಾತಾಡಿದರೆ ನನ್ನಿಂದ ಉತ್ತರವಿಲ್ಲ. ಮಾತೃಭಾಷೆಯನ್ನು ಉಳಿಸುವ ಉತ್ಸಾಹದಲ್ಲಿ ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಶಾಲೆಯಲ್ಲಿ ಬಹುಮಾನ ಬಂದದ್ದನ್ನು ಅವಳು ಮರಾಠಿಯಲ್ಲಿ ಹೇಳಿದಾಗ ಚಪಾತಿ ನೋಡುತ್ತ ಕುಳಿತೆ. ಎರಡು ಸಲ ಹೇಳಿ ಅವಳು ಸುಮ್ಮನಾದಳು. ಆಮೇಲೆ ಬೇಗ ಬೇಗ ಉಂಡು, ತಾಟು ತೊಳೆದಿಟ್ಟು, ತನ್ನ ಕೋಣೆಗೆ ಹೋಗಿಬಿಡುವುದು ರೂಢಿಯಾಯಿತು. ಎಂಟು ವರ್ಷ ನಮ್ಮ ಊಟದ ಮನೆಯಲ್ಲಿ ಶುದ್ಧ ಕನ್ನಡವೇ ವಿಜೃಂಭಿಸಿತು, ಆಡುವವನು ನಾನೊಬ್ಬನೇ.

ಪಂದ್ಯಾವಳಿ ನಡೆದದ್ದು ಛತ್ರಪತಿ ಸಂಭಾಜಿನಗರದ ಒಂದು ಮಂಗಲ ಕಾರ್ಯಾಲಯದಲ್ಲಿ. ವಧೂವರರ ಬಂಗಾರದ ಬಣ್ಣದ ಸಿಂಹಾಸನಗಳನ್ನು ಗೋಡೆಗೆ ಒತ್ತರಿಸಿ, ಮದುವೆಯ ಊಟದ ಮೇಜುಗಳ ಮೇಲೆ ಸರ್ಪ, ಯೋಧರ ಸಂಹಾರಕ್ಕೆ ಏರ್ಪಾಡಾಗಿತ್ತು. ನಿವೃತ್ತಿ ಘೋಷಿಸಿದ್ದ ಸಿ.ಎ. ಮಹಾಶಯ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಮೂರರಲ್ಲಿ ಎರಡು ಸುತ್ತು ಗೆದ್ದ ಜೋಡಿಗೆ ರಾಜ್ಯಮಟ್ಟದ ಪ್ರವೇಶ. ಗೌರಿ ಅದಕ್ಕಾಗಿ ಆರು ತಿಂಗಳು ತಯಾರಿ ಮಾಡಿದ್ದಳು.

ಮೊದಲೆರಡು ಸುತ್ತು ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ ನಡೆದವು. ಅಂದರೆ ಹೆಚ್ಚುಕಡಿಮೆ ಮೌನದಲ್ಲಿ ನಡೆದವು. ಮೊದಲನೆಯದನ್ನು ಅವಳ ಬುದ್ಧಿಯಿಂದ ಗೆದ್ದೆವು. ಎರಡನೆಯದರಲ್ಲಿ ಅವಳು ‘ರುಕೋ ಪಪ್ಪಾ’ ಎಂದು ಎರಡು ಸಲ ಹೇಳಿದರೂ ನನ್ನ ಕೈ ನಿಲ್ಲಲಿಲ್ಲ. ಅದನ್ನು ನನ್ನ ಬುದ್ಧಿಯಿಂದ ಸೋತೆವು.

ಮೂರನೆಯ ಸುತ್ತಿಗೆ ಎದುರು ಬಂದವರು ಒಬ್ಬ ಕಾಲೇಜು ಹುಡುಗಿ ಮತ್ತು ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಭಾಗ್ಯಶ್ರೀ ಎಂಬ ಮೂವತ್ತರ ಹೆಂಗಸು. ನನ್ನ ಪಾಲಿಗೆ ಬಂದ ಕಾರ್ಡುಗಳನ್ನು ನೋಡಿ ನಾನು ‘ಶಿವನೇ’ ಎಂದು ಉಸಿರುಬಿಟ್ಟಿದ್ದೇ ತಡ, ಆಕೆ ಯಾವೂರಿನವರೆಂದು ಕನ್ನಡದಲ್ಲೇ ವಿಚಾರಿಸಿದಳು. ಆಕೆ ಆಳಂದದವಳು. ಪ್ರಾಮಾಣಿಕಳಾದ ಆಕೆ ತಾನೇ ಜಡ್ಜನ್ನು ಕರೆದು ತನಗೆ ಈ ಭಾಷೆ ಬರುತ್ತದೆಂದು ತಿಳಿಸಿದಳು. ಜಡ್ಜ್ ನಿಯಮ ತೆರೆದು ನೋಡಿ, ಹಾಗಾದರೆ ಈ ಮೇಜಿನಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲವೆಂದು ಘೋಷಿಸಿದ. ಆಡಬಹುದಾದ ಕಡೆ ಆಡಿ ಪ್ರಯೋಜನವಿಲ್ಲ, ಪ್ರಯೋಜನವಿದ್ದ ಕಡೆ ಆಡುವಂತಿಲ್ಲ. ಇಷ್ಟು ಪರಿಪೂರ್ಣವಾದ ನಿಯಮವನ್ನು ನನ್ನ ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ನಾನೂ ಬರೆದಿಲ್ಲ.

ಕೊನೆಯ ಘಟ್ಟ ಬಂತು. ನನ್ನ ಕೈಯಲ್ಲಿ ಏಳು ಹೆಡೆಯ ಸರ್ಪ, ಅದನ್ನು ಇಳಿಸಿಬಿಡುವ ಚಪಲ. ಗೌರಿ ‘ರುಕೋ’ ಅಂದಳು. ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಆಗ ಅವಳು ನನ್ನತ್ತ ಬಾಗಿ, ಭಾಗ್ಯಶ್ರೀ ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಿದ್ದೂ, ನಿಧಾನವಾಗಿ ಹೇಳಿದಳು: “ಪಪ್ಪಾ, ಆ ಹಾವು ಈಗ ಬ್ಯಾಡ. ಅಕಿ ಕೈದಾಗ ಬೆಂಕಿ ಅದ. ನಾ ಸಣ್ಣದೊಂದು ಇಡ್ತೀನಿ, ಅದನ್ನ ಸುಡ್ಲಿ. ಆಮ್ಯಾಲ ನೀ ಇಡು.”

ನನ್ನ ಕೈ ನಿಂತಿತು. ಅದರಲ್ಲಿ ಗದರಿಕೆಯ ಒಂದು ಪದವೂ ಇರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಯೋಚಿಸಿ ಹೇಳುವ ಕನ್ನಡ ಅದು. ಅವಳು ಸಣ್ಣ ಯೋಧನನ್ನು ಇಳಿಸಿದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಭಾಗ್ಯಶ್ರೀ ಯಾವ ಬುದ್ಧಿವಂತರಾದರೂ ಮಾಡುವುದನ್ನೇ ಮಾಡಿದಳು: ಯೋಧನನ್ನು ಸುಡಲಿಲ್ಲ, ಬೆಂಕಿಯನ್ನು ನನ್ನ ಸರ್ಪಕ್ಕಾಗಿ ಕಾದಿಟ್ಟಳು. ಎರಡು ಸರದಿಯಲ್ಲಿ ಆಟ ಮುಗಿಯಿತು. ಅಪ್ಪ ಮಗಳು ಚೆಂದ ಮಾತಾಡುತ್ತೀರೆಂದು ಹೇಳಿ, ಕೈ ಕುಲುಕಿ, ಆಕೆ ನಮ್ಮ ರಾಜ್ಯಮಟ್ಟದ ಪ್ರವೇಶವನ್ನು ತೆಗೆದುಕೊಂಡು ಹೋದಳು.

ಹೊರಗೆ ರಸ್ತೆಯಾಚೆಯ ಖಾನಾವಳಿಯಲ್ಲಿ ಊಟಕ್ಕೆ ಕುಳಿತೆವು. ಆಕೆಗೆ ತಿಳಿಯುತ್ತದೆಂದು ಗೊತ್ತಿದ್ದೂ ಯಾಕೆ ಹೇಳಿದೆ ಎಂದು ಕೇಳಿದೆ. ಭಾಷಾಭಿಮಾನದ ಏನಾದರೊಂದು ಮಾತು ಬರಬಹುದೆಂಬ ದುರಾಸೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅವಳು ಭಾಕರಿ ಮುರಿಯುತ್ತ, ಸಿಟ್ಟಿಲ್ಲದೆ, ಹವಾಮಾನ ಹೇಳುವ ಹಾಗೆ ಹೇಳಿದಳು: “ಹಿಂದಿದಾಗ ಹೇಳು, ಮರಾಠಿದಾಗ ಹೇಳು, ನೀ ಕೇಳಂಗೇ ಇಲ್ಲ. ಕನ್ನಡದಾಗ ಅಂದ್ರಷ್ಟೇ ಕೇಳ್ತಿ. ಕೇಳಿದ್ರ ಸಾಕಾಗಿತ್ತು.”

ಅವಳು ಗೆಲುವನ್ನು ಬಿಟ್ಟುಕೊಟ್ಟದ್ದು ಕನ್ನಡಕ್ಕಾಗಿ ಅಲ್ಲ. ಅಪ್ಪನಿಗೆ ಕೇಳಿಸಲಿ ಎಂದು. ಎರಡನೆಯ ಸುತ್ತಿನಲ್ಲಿ ಏನು ತಪ್ಪಿತೆಂದು ಅವಳನ್ನು ಮರಾಠಿಯಲ್ಲಿ ಕೇಳಿದೆ. ನನ್ನ ಮರಾಠಿ ಕಾರ್ಖಾನೆಯ ಮರಾಠಿ, ಒರಟು. ಅನ್ನದ ಮುಂದೆ ಕುಳಿತು ಅವಳೊಡನೆ ಅದನ್ನು ಎಂದೂ ಆಡಿರಲಿಲ್ಲ. ಗೌರಿ ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಆಮೇಲೆ ಹೇಳತೊಡಗಿದಳು. ಎರಡನೆಯ ಸುತ್ತಿನಿಂದ ಮೊದಲನೆಯದಕ್ಕೆ, ಅಲ್ಲಿಂದ ಕಾಲೇಜಿಗೆ, ನನಗೆ ಹೆಸರೇ ಗೊತ್ತಿರದ ಗೆಳತಿಯರಿಗೆ ಅವಳ ಮಾತು ಹೋಯಿತು. ಊಟ ಮುಗಿದು ತಾಟು ಒಣಗಿತು. ಅವಳು ಏಳಲಿಲ್ಲ.